ಧ್ವನಿ ಉಳಿಯದ ಗುರು: ಹೆನ್ರಿ ಸ್ಟಕೀ ಮತ್ತು ಬೆಂಟೋನಿಯಾದ ಬ್ಲೂಸ್ ಪರಂಪರೆ

ಕಲಾವಿದನ ಪ್ರಭಾವವನ್ನು ಅವನ ಉಪಲಬ್ಧ ಕೃತಿಗಳಿಂದಲೇ ಅಳೆಯುವುದು ವಿಮರ್ಶೆಯಲ್ಲಿ ರೂಢಮೂಲವಾದ ಪದ್ಧತಿ. ಈ ಪದ್ಧತಿಯ ಕೊರತೆಯನ್ನು ಆಫ್ರಿಕನ್ ಮೂಲದ ಅಮೆರಿಕನ್ನರ ಬ್ಲೂಸ್ ಸಂಗೀತದಲ್ಲಿ ಹೆನ್ರಿ ಸ್ಟಕೀ (1897–1966) ಎಂಬ ಗಿಟಾರ್ ವಾದಕನ ನಿದರ್ಶನ ಸ್ಪಷ್ಟಪಡಿಸುತ್ತದೆ. ಮಿಸಿಸಿಪಿ ಸಂಸ್ಥಾನದ ಬೆಂಟೋನಿಯಾ ಎಂಬ ಸಣ್ಣ ಊರಿನ ಈ ವಾದಕನ ಒಂದು ಧ್ವನಿಮುದ್ರಿಕೆಯೂ ಪ್ರಕಟವಾಗಲಿಲ್ಲ.

ಅದೇ ಊರಿನ ಸ್ಕಿಪ್ ಜೇಮ್ಸ್ 1931ರಲ್ಲಿ ಪ್ಯಾರಮೌಂಟ್ ಸಂಸ್ಥೆಗಾಗಿ ಹಾಡಿದನು. ಆ ಮುದ್ರಿಕೆಗಳ ವಿಷಾದಧ್ವನಿಯನ್ನು ಏಕಾಂಗಿ ಪ್ರತಿಭೆಯ ಫಲವೆಂದು ಬಣ್ಣಿಸುವವರುಂಟು. ಈ ಅಭಿಪ್ರಾಯವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಉಚ್ಚಸ್ಥಾಯಿಯ ಕಂಠವೂ ಬೆರಳುಗಳ ಚುರುಕೂ ಜೇಮ್ಸನ ಸ್ವಂತ ಸಂಪತ್ತು. ಆದರೆ ಅವಕ್ಕೆ ಆಧಾರವಾದ ಶ್ರುತಿಕ್ರಮ ಸ್ಟಕೀಯಿಂದ ಬಂದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಕೆರಿಬಿಯನ್ ದ್ವೀಪಗಳ ಸೈನಿಕರಿಂದ ಅದನ್ನು ಕಲಿತೆನೆಂದು ಸ್ಟಕೀ ಹೇಳುತ್ತಿದ್ದನು.

ಈ ಕ್ರಮದಲ್ಲಿ ಆರು ತಂತಿಗಳು ನಮ್ಮ ಪರಿಭಾಷೆಯಂತೆ ಸ, ಪ, ಸ, ಗ, ಪ, ಸ ಎಂದು ನಿಲ್ಲುತ್ತವೆ. ತೆರೆದ ಗಾಂಧಾರದ ತಂತಿ ಸಾಧಾರಣ ಗಾಂಧಾರವನ್ನು ನುಡಿಯುತ್ತದೆ; ಮೊದಲ ಮೆಟ್ಟಿಲಲ್ಲಿ ಬೆರಳಿಟ್ಟರೆ ಅಂತರ ಗಾಂಧಾರ. ಎರಡರ ನಡುವಣ ಈ ತೂಗಾಟವೇ ಬೆಂಟೋನಿಯಾ ಶೈಲಿಯ ಜೀವಾಳ.

ಪ್ರಭಾವ ಎರಡು ದಾರಿಗಳಲ್ಲಿ ಹರಿಯಿತು. ಒಂದು, ಮುದ್ರಿಕೆಯ ದಾರಿ. ಜೇಮ್ಸನ ‘ಡೆವಿಲ್ ಗಾಟ್ ಮೈ ವುಮನ್’ ಹಾಡಿನ ಛಾಯೆ ರಾಬರ್ಟ್ ಜಾನ್ಸನ್ನನ 1937ರ ‘ಹೆಲ್‌ಹೌಂಡ್ ಆನ್ ಮೈ ಟ್ರೇಲ್’ನಲ್ಲಿ ಎದ್ದುಕಾಣುತ್ತದೆ. 1966ರಲ್ಲಿ ಇಂಗ್ಲೆಂಡಿನ ಕ್ರೀಮ್ ತಂಡ ಜೇಮ್ಸನ ‘ಐಯಾಮ್ ಸೋ ಗ್ಲ್ಯಾಡ್’ ಹಾಡನ್ನು ಹೊಸದಾಗಿ ಮುದ್ರಿಸಿತು. ಹಾಡು ಕಡಲು ದಾಟಿತು. ಆದರೆ ಆ ತೂಗಾಟ ದಾಟಲಿಲ್ಲವೆಂದು ನಮ್ಮ ಮತ.

ಇನ್ನೊಂದು, ಕೈಯಿಂದ ಕೈಗೆ ಸಾಗಿದ ದಾರಿ. ಜಿಮ್ಮಿ ‘ಡಕ್’ ಹೋಮ್ಸ್ ಬಾಲ್ಯದಲ್ಲಿ ಸ್ಟಕೀಯ ವಾದನವನ್ನು ಕಣ್ಣಾರೆ ಕಂಡವನು. ಮುಂದೆ ಅದೇ ಊರಿನ ಜ್ಯಾಕ್ ಓವೆನ್ಸನ ಬಳಿ ಕುಳಿತು ಕಲಿತವನು. ತಂದೆತಾಯಿಗಳು 1948ರಲ್ಲಿ ತೆರೆದ ಬ್ಲೂ ಫ್ರಂಟ್ ಕೆಫೆಯಲ್ಲಿ ಅವನು ಆ ಶೈಲಿಯನ್ನು ಉಳಿಸಿದನು. 2019ರಲ್ಲಿ ‘ಸೈಪ್ರೆಸ್ ಗ್ರೋವ್’ ಎಂಬ ಮುದ್ರಿಕೆಯನ್ನು ಹೊರತಂದನು.

ಮುದ್ರಿಕೆಯಿಲ್ಲದವನ ಪ್ರಭಾವಕ್ಕೆ ಪ್ರಮಾಣವೇನೆಂಬ ಆಕ್ಷೇಪ ಸಹಜ. ಶಿಷ್ಯರ ಕೈಗಳೇ ಪ್ರಮಾಣವೆಂಬುದು ನಮ್ಮ ಉತ್ತರ. ಜೇಮ್ಸನ ಹಿರಿಮೆಗೆ ಇದರಿಂದ ಕುಂದಿಲ್ಲ. ಅವನ ಹಿಂದೆ ನಿಂತವನಿಗೆ ಸಲ್ಲಬೇಕಾದ ಮನ್ನಣೆ ಮಾತ್ರ ಸಲ್ಲುತ್ತದೆ. ಧ್ವನಿಮುದ್ರಿಕೆಗಳ ಪಟ್ಟಿಯನ್ನೇ ಸಂಗೀತದ ಇತಿಹಾಸವೆಂದು ಭಾವಿಸಿದರೆ ಇಂಥ ಗುರುಗಳು ಲೆಕ್ಕಕ್ಕೇ ಸಿಗದೆ ಹೋದಾರು.