ಮರೀನಾದ ನಾಲ್ವರು, ನನ್ನ ಜೇಡಿಮಣ್ಣು

ಮಣ್ಣಲ್ಲಿ ಮನುಷ್ಯಾಕೃತಿ ಮಾಡೋದನ್ನ ಕಲಿಯುವಾಗ ನಾನು ಮುಖದಿಂದ ಶುರು ಮಾಡಿದ್ದೆ. ಆಕೃತಿ ನಿಲ್ಲಲೇ ಇಲ್ಲ. ಆಮೇಲೆ ಚೆನ್ನೈನ ಮರೀನಾದಲ್ಲಿ ದೇವಿಪ್ರಸಾದ್ ರಾಯ್ ಚೌಧುರಿಯವರ 'ಟ್ರಯಂಫ್ ಆಫ್ ಲೇಬರ್' (1959) ಕಂಚಿನ ಶಿಲ್ಪವನ್ನು ಸುತ್ತು ಹಾಕಿ ನೋಡಿದೆ. ಬಂಡೆ ಮೀಟುತ್ತಿರುವ ನಾಲ್ವರು. ಭಾರವೆಲ್ಲ ಕಾಲು, ಸೊಂಟ, ಬೆನ್ನಲ್ಲಿ. ಮುಖ ನೆನಪಲ್ಲೇ ಉಳಿಯಲ್ಲ. ಸ್ನಾಯು ತುಸು ಅತಿಯಾಯ್ತು ಅನ್ನೋದು ನನ್ನ ತಕರಾರು. ಹೊಟ್ಟೆ ತುಂಬ ಉಣ್ಣದ ಕೂಲಿಯವನಿಗೆ ಅಷ್ಟು ಮೈ ಎಲ್ಲಿಂದ ಬರಬೇಕು? ಆದರೆ ನೆಲಕ್ಕೆ ಊರಿದ ಆ ಪಾದಗಳು ಸುಳ್ಳು ಹೇಳಲ್ಲ.

ಅಮ್ಮಿಗೆ ಇದೆಲ್ಲ ಇಷ್ಟವಿಲ್ಲ. "ಖಯಾಮತ್ ದಿನ, ಮಾಡಿದ್ದಕ್ಕೆ ಜೀವ ತುಂಬು ಅಂದ್ರೆ ಏನ್ ಮಾಡ್ತೀಯಾ?" ಅಂತಾರೆ. ನನ್ನಲ್ಲಿ ಉತ್ತರವಿಲ್ಲ. ಈಗ ತಂತಿಯ ಹಂದರ ಕಟ್ಟಿ ಪಾದದಿಂದ ಮೇಲಕ್ಕೆ ಬರ್ತಿದ್ದೀನಿ. ತಲೆ ಇನ್ನೂ ಇಟ್ಟಿಲ್ಲ.