ಬಾಗಿಲ ಮೇಲಿನ ಮುಳ್ಳುಹೂ: ಹೆಸರು, ಕಥೆ, ಚಿತ್ರಗಳ ನಡುವೆ ಕಾರ್ಲಿನ

ಯುರೋಪಿನ ಪರ್ವತಪ್ರದೇಶಗಳ ಜಾನಪದದಲ್ಲಿ, ಹಳೆಯ ವೈದ್ಯಗ್ರಂಥಗಳಲ್ಲಿ ಹಾಗೂ ಸಸ್ಯಚಿತ್ರಕಲೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಮುಳ್ಳುಗಿಡ ಕಾರ್ಲಿನ. ಇದು ನಮ್ಮ ದಕ್ಷಿಣ ಭಾರತದ ನೆಲದಲ್ಲಿ ಬೆಳೆಯುವ ಗಿಡವಲ್ಲ. ಆದರೂ ಈ ಪುಟಗಳಲ್ಲಿ ಇದನ್ನು ಚರ್ಚೆಗೆ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಹಳೆಯ ಕಾವ್ಯಗಳ ಮತ್ತು ಶಾಸ್ತ್ರಗ್ರಂಥಗಳ ಸಂಪಾದನೆಗಳಲ್ಲಿ ಅರ್ಥಕೋಶದತ್ತ ಕಣ್ಣು ಹಾಯಿಸಿದರೆ ‘ಒಂದು ಬಗೆಯ ಗಿಡ’, ‘ಒಂದು ಜಾತಿಯ ಮರ’ ಎಂಬ ವಿವರಣೆಗಳು ಎದುರಾಗುತ್ತಲೇ ಇರುತ್ತವೆ. ಗಿಡ ಯಾವುದೆಂದು ತಿಳಿಯದೆಯೇ ಅದರ ಸಂಕೇತಾರ್ಥವನ್ನು ಹೇಳಲು ಹೊರಡುವ ವಿಮರ್ಶೆ ಎಲ್ಲಿ ಎಡವುತ್ತದೆ ಎಂಬುದನ್ನು ಕಾರ್ಲಿನದ ಇತಿಹಾಸ ಸ್ಪಷ್ಟವಾಗಿ ತೋರಿಸಿಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

೧

ಕಾರ್ಲಿನ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಸಸ್ಯಕುಲ. ಲಿನಿಯಸ್ ೧೭೫೩ರಲ್ಲಿ ಪ್ರಕಟಿಸಿದ ‘ಸ್ಪೀಸೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಈ ಕುಲದ ಪ್ರಭೇದಗಳಿವೆ. ನಮ್ಮ ಚರ್ಚೆಗೆ ಮೂರು ಪ್ರಭೇದಗಳು ಮುಖ್ಯ. ಮೊದಲನೆಯದು ಕಾರ್ಲಿನ ಅಕಾಲಿಸ್; ಎಂದರೆ ಕಾಂಡವಿಲ್ಲದ್ದು. ಆಲ್ಪ್ಸ್ ಮೊದಲಾದ ಪರ್ವತಗಳ ಹುಲ್ಲುಗಾವಲುಗಳಲ್ಲಿ ನೆಲಕ್ಕೆ ಅಂಟಿದಂತೆ ಎಲೆ ಹರಡಿ, ನಡುವೆ ಬೆಳ್ಳಿಬಣ್ಣದ ದೊಡ್ಡ ಹೂ ಬಿಡುವ ಬಹುವಾರ್ಷಿಕ ಗಿಡವಿದು. ಎರಡನೆಯದು ಕಾರ್ಲಿನ ಅಕಾಂತಿಫೋಲಿಯ. ದಕ್ಷಿಣ ಫ್ರಾನ್ಸ್ ಮತ್ತು ಪಿರೆನೀಸ್ ಭಾಗದ ಈ ಗಿಡ ಒಮ್ಮೆ ಹೂಬಿಟ್ಟು ಸಾಯುತ್ತದೆ. ಮೂರನೆಯದು ಬ್ರಿಟನ್ನಿನ ಸುಣ್ಣಕಲ್ಲಿನ ಬಯಲುಗಳಲ್ಲಿಯೂ ಕಾಣುವ ಕಾರ್ಲಿನ ವಲ್ಗ್ಯಾರಿಸ್.

ಹೂವಿನ ಎಸಳುಗಳಂತೆ ನಮಗೆ ತೋರುವುದು ವಾಸ್ತವವಾಗಿ ಎಸಳಲ್ಲ. ನಡುವಿನ ತಟ್ಟೆಯಲ್ಲಿ ಒತ್ತಾಗಿ ಸೇರಿರುವ ಕಿರುಹೂಗಳನ್ನು ಸುತ್ತುವರಿದ, ಒಣಗಿ ಹೊಳೆಯುವ ಆವರಣದ ಎಲೆಗಳವು. ಗಾಳಿಯಲ್ಲಿ ತೇವ ಹೆಚ್ಚಾದಾಗ ಈ ಎಲೆಗಳ ಹೊರಮೈ ಒಳಮೈಗಿಂತ ಹೆಚ್ಚು ನೀರು ಹೀರಿ ಉಬ್ಬುತ್ತದೆ. ಆಗ ಎಲೆ ಒಳಮುಖವಾಗಿ ಬಾಗಿ ಕಿರುಹೂಗಳನ್ನು ಮುಚ್ಚುತ್ತದೆ. ಗಾಳಿ ಒಣಗಿದಾಗ ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ಚಲನೆಗೆ ಜೀವ ಬೇಕಿಲ್ಲ. ಕಿತ್ತು ಒಣಗಿಸಿದ ಹೂವೂ ವರ್ಷಗಳ ಕಾಲ ಮಳೆಯ ಹವೆಗೆ ಮುಚ್ಚುತ್ತದೆ, ಬಿಸಿಲಿಗೆ ತೆರೆಯುತ್ತದೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಹವೆಯ ಮುಳ್ಳುಗಿಡ’ ಎಂಬ ಹೆಸರು ಬಂದಿರುವುದು ಈ ಕಾರಣದಿಂದಲೇ. ಮುಂದಿನ ವಿವೇಚನೆಗೆಲ್ಲ ಈ ಸಂಗತಿಯೇ ಆಧಾರ.

೨

ಹೆಸರಿನ ಕಥೆಯನ್ನು ಮೊದಲು ನೋಡೋಣ. ಕ್ರಿ. ಶ. ೮೦೦ರಲ್ಲಿ ಚಕ್ರವರ್ತಿಯಾಗಿ ಅಭಿಷಿಕ್ತನಾದ ಷಾರ್ಲ್‌ಮೇನನ ಸೈನ್ಯಕ್ಕೆ ಮಾರಿಬೇನೆ ತಗುಲಿತೆಂದೂ, ದೇವದೂತನೊಬ್ಬನ ಸೂಚನೆಯಂತೆ ಬಿಟ್ಟ ಬಾಣ ಒಂದು ಗಿಡದ ಮೇಲೆ ಬಿದ್ದಿತೆಂದೂ, ಅದರ ಬೇರಿನಿಂದ ಸೈನಿಕರು ಗುಣಮುಖರಾದರೆಂದೂ, ಆದ್ದರಿಂದ ಗಿಡಕ್ಕೆ ಕರೋಲಸ್ ದೊರೆಯ ಹೆಸರು ಬಂದಿತೆಂದೂ ಐತಿಹ್ಯ. ಇದನ್ನು ಚರಿತ್ರೆಯ ನೆನಪೆಂದು ಓದುವವರಿದ್ದಾರೆ. ಆದರೆ ಮುಳ್ಳುಗಿಡವನ್ನು ಹೇಳುವ ‘ಕಾರ್ಡುಅಸ್’ ಎಂಬ ಲ್ಯಾಟಿನ್ ಪದದ ಒಂದು ರೂಪವೇ ಅರಸನ ಹೆಸರಿನ ಸೆಳೆತಕ್ಕೆ ಸಿಕ್ಕಿ ‘ಕಾರ್ಲಿನ’ ಆಗಿರಬಹುದೆಂಬ ಊಹೆಯನ್ನೂ ನಿರುಕ್ತಿಕಾರರು ಮುಂದಿಟ್ಟಿದ್ದಾರೆ. ಹಾಗಿದ್ದರೆ ಕಥೆಯಿಂದ ಹೆಸರು ಹುಟ್ಟಲಿಲ್ಲ. ಹೆಸರಿನಿಂದ ಕಥೆ ಹುಟ್ಟಿತು.

ಇಂಥದು ನಮಗೆ ಅಪರಿಚಿತವಲ್ಲ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂದಿತೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆ ದೊರೆಗಿಂತ ಶತಮಾನಗಳ ಹಿಂದಿನ, ಸುಮಾರು ಕ್ರಿ. ಶ. ೮೯೦ರ ಬೇಗೂರು ಶಾಸನದಲ್ಲಿ ಬೆಂಗಳೂರಿನ ಹೆಸರು ಇರುವುದೂ ಅಷ್ಟೇ ಪ್ರಸಿದ್ಧ. ಆದರೆ ಐತಿಹ್ಯ ಸುಳ್ಳೆಂದು ಸಾಧಿಸಿದಲ್ಲಿಗೆ ವಿಮರ್ಶೆಯ ಕೆಲಸ ಮುಗಿಯುವುದಿಲ್ಲ. ಷಾರ್ಲ್‌ಮೇನನ ಕಥೆ ಷಾರ್ಲ್‌ಮೇನನಿಗೆ ಸಾಕ್ಷಿಯಲ್ಲ. ಮಾರಿಬೇನೆಯ ಭಯದಲ್ಲಿದ್ದ ಜನ ಈ ಬೇರಿನ ಮೇಲೆ ಇಟ್ಟಿದ್ದ ಭರವಸೆಗೆ ಸಾಕ್ಷಿ. ಯಾವ ಪ್ರಶ್ನೆಗೆ ಯಾವುದು ಸಾಕ್ಷಿ ಎಂಬ ವಿವೇಕವೇ ಇಲ್ಲಿ ಮುಖ್ಯವಾದುದು.

೩

ಹೆಸರಿನ ಗೊಂದಲ ಕೇವಲ ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ. ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಕ್ರಿ. ಶ. ಒಂದನೆಯ ಶತಮಾನದಲ್ಲಿ ‘ಬಿಳಿಯ ಕಮೈಲಿಯೊನ್’ ಎಂಬ ಮುಳ್ಳುಗಿಡವನ್ನು ವರ್ಣಿಸಿ, ಅದು ಔಷಧವೆಂದೂ, ನಾಯಿ, ಹಂದಿ, ಇಲಿಗಳನ್ನು ಕೊಲ್ಲುವ ವಿಷವೆಂದೂ ಹೇಳಿದ. ಅದು ಮೆಡಿಟರೇನಿಯನ್ ತೀರದ ಅಟ್ರಾಕ್ಟಿಲಿಸ್ ಗಮ್ಮಿಫೆರ ಇರಬೇಕೆಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಹದಿನಾರನೆಯ ಶತಮಾನದಲ್ಲಿ ಆಲ್ಪ್ಸಿನ ಉತ್ತರಕ್ಕಿದ್ದ ವ್ಯಾಖ್ಯಾನಕಾರರಿಗಾದರೋ ಕಣ್ಣೆದುರಿಗಿದ್ದದ್ದು ಕಾರ್ಲಿನ. ಗ್ರೀಕ್ ಗ್ರಂಥದ ಗಿಡವನ್ನು ತಮ್ಮ ಬೆಟ್ಟದಲ್ಲಿಯೇ ಕಾಣುವ ಹಂಬಲದಿಂದ ಅವರು ಎರಡನ್ನೂ ಒಂದಾಗಿಸಿದರು. ಮುಂದೆ ಕೆಲವು ಸಸ್ಯವಿಜ್ಞಾನಿಗಳು ಆ ವಿಷದ ಗಿಡವನ್ನು ಕಾರ್ಲಿನ ಕುಲಕ್ಕೇ ಸೇರಿಸಿದ್ದೂ ಉಂಟು.

ಕಾರ್ಲಿನ ಅಕಾಲಿಸ್ ಹೂವಿನ ತಳದ ತಿರುಳನ್ನು ಪರ್ವತವಾಸಿಗಳು ತಿನ್ನುತ್ತಿದ್ದರು. ‘ಬೇಟೆಗಾರನ ರೊಟ್ಟಿ’ ಎಂಬ ಹೆಸರೂ ಅದಕ್ಕಿದೆ. ಅಟ್ರಾಕ್ಟಿಲಿಸ್‌ನ ಬೇರಿನಲ್ಲಿರುವ ವಿಷವಾದರೋ ಜೀವಕೋಶಗಳೊಳಗಿನ ಶಕ್ತಿಯ ಸಾಗಣೆಯನ್ನೇ ತಡೆದು ಯಕೃತ್ತನ್ನು ಕೆಡಿಸುತ್ತದೆ. ಉತ್ತರ ಆಫ್ರಿಕದಲ್ಲಿ ತಿನ್ನುವ ಗಿಡವೆಂದು ತಪ್ಪು ತಿಳಿದು ಇದನ್ನು ತಿಂದ ಮಕ್ಕಳು ಸತ್ತ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ‘ಒಂದು ಬಗೆಯ ಮುಳ್ಳುಗಿಡ’ ಎಂಬ ವಿವರಣೆ ಎಷ್ಟು ಅಪಾಯಕರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

೪

ಜಾನಪದದ ವಿಚಾರಕ್ಕೆ ಬರೋಣ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಜನ ಒಣಗಿದ ಕಾರ್ಲಿನ ಹೂವನ್ನು ಮನೆಯ ಹೆಬ್ಬಾಗಿಲಿಗೆ ತೂಗುಹಾಕುತ್ತಾರೆ. ಅವರ ಭಾಷೆಯಲ್ಲಿ ಇದು ‘ಎಗುಸ್ಕಿಲೊರೆ’, ಎಂದರೆ ಸೂರ್ಯನ ಹೂ. ರಾತ್ರಿಯ ದುಷ್ಟಶಕ್ತಿಗಳಿಂದ ಕಾಪಾಡೆಂದು ಮನುಷ್ಯರು ಮೊರೆಯಿಟ್ಟಾಗ ಭೂತಾಯಿ ಮೊದಲು ಚಂದ್ರನನ್ನೂ ಅನಂತರ ಸೂರ್ಯನನ್ನೂ ಕೊನೆಗೆ ಈ ಹೂವನ್ನೂ ಸೃಷ್ಟಿಸಿದಳೆಂಬುದು ಕಥೆ. ಬಾಗಿಲಿಗೆ ಬಂದ ದುಷ್ಟಶಕ್ತಿ ಹೂವಿನ ಎಳೆಗಳನ್ನೆಲ್ಲ ಎಣಿಸಿ ಮುಗಿಸದೆ ಒಳಗೆ ಕಾಲಿಡುವಂತಿಲ್ಲ. ಎಣಿಸಿ ಮುಗಿಯುವಷ್ಟರಲ್ಲಿ ಬೆಳಗಾಗುತ್ತದೆ. ದಕ್ಷಿಣ ಫ್ರಾನ್ಸಿನ ಪ್ರಸ್ಥಭೂಮಿಗಳಲ್ಲಿ ‘ಕಾರ್ಡಬೆಲ್’ ಎಂಬ ಹೆಸರಿನಿಂದ ಅಕಾಂತಿಫೋಲಿಯದ ಹೂ ಇದೇ ರೀತಿ ಬಾಗಿಲನ್ನೇರಿದೆ.

ಈ ಆಚರಣೆಯನ್ನು ಕುರಿತು ಎರಡು ಬಗೆಯ ವ್ಯಾಖ್ಯಾನಗಳು ರೂಢಿಯಲ್ಲಿವೆ. ಮೂಢನಂಬಿಕೆಯೆಂದು ತಳ್ಳಿಹಾಕುವುದು ಒಂದು. ಸೂರ್ಯಾರಾಧನೆಯ ಸಂಕೇತವೆಂದು ಮೇಲೆತ್ತುವುದು ಇನ್ನೊಂದು. ಮೇಲುನೋಟಕ್ಕೆ ವಿರುದ್ಧವೆನಿಸಿದರೂ ಎರಡರ ದೋಷವೂ ಒಂದೇ: ಎರಡೂ ವಸ್ತುವನ್ನು ನೋಡುವುದಿಲ್ಲ. ಸೂರ್ಯನಂತೆ ದುಂಡಗಿರುವ ಹೂಗಳು ಬೇಕಾದಷ್ಟಿವೆ. ಸತ್ತ ಮೇಲೂ ಬಿಸಿಲಿಗೆ ತೆರೆದು ಮಳೆಗೆ ಮುಚ್ಚುವ ಹೂ ಅಪರೂಪ. ಸತ್ತದ್ದು ಕಾವಲಿರುವುದನ್ನು ದಿನವೂ ಕಣ್ಣಾರೆ ಕಾಣುವ ರೈತನಿಗೆ, ಅದು ಕಾವಲಿರುತ್ತದೆಂದು ನಂಬಲು ಪುರಾಣ ಬೇಕಿಲ್ಲ. ವೀಕ್ಷಣೆ ಮೊದಲು, ಕಥೆ ಅನಂತರ ಎಂಬುದು ನಮ್ಮ ತರ್ಕ.

ನಮ್ಮಲ್ಲಿಯೂ ಲೋಳೆಸರವನ್ನು ಬೇರುಸಹಿತ ಕಿತ್ತು ಬಾಗಿಲಿಗೆ ತಲೆಕೆಳಗಾಗಿ ಕಟ್ಟುವ ರೂಢಿಯಿದೆ. ದೃಷ್ಟಿ ನಿವಾರಣೆಯೆಂದು ಹೇಳಿ ಕೈಬಿಡುವವರು, ಮಣ್ಣು ನೀರುಗಳಿಲ್ಲದೆ ಅದು ತಿಂಗಳುಗಟ್ಟಲೆ ಹಸಿರಾಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ಆಚರಣೆಗಳಿಗೂ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಎರಡು ಕಡೆಯೂ ಜನ ಗಿಡವನ್ನು ಆಯ್ದದ್ದು ಅದರ ಗುಣವನ್ನು ಕಂಡು ಎಂಬುದಷ್ಟೇ ನಮ್ಮ ಮಾತು.

೫

ಚಿತ್ರಕಲೆಯಲ್ಲಿ ಸಮಸ್ಯೆ ಬೇರೆ. ಡ್ಯೂರರ್ ೧೪೯೩ರಲ್ಲಿ ರಚಿಸಿದ, ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಆತ್ಮಚಿತ್ರ ‘ಮುಳ್ಳುಗಿಡ ಹಿಡಿದ’ ಚಿತ್ರವೆಂದೇ ಖ್ಯಾತವಾಗಿದೆ. ಆದರೆ ಅವನ ಕೈಯಲ್ಲಿರುವುದು ಎರಿಂಜಿಯಮ್; ಕಾರ್ಲಿನದ ಬಂಧುವಲ್ಲ, ಕೊತ್ತಂಬರಿಯ ಕುಟುಂಬದ ಗಿಡ. ಜರ್ಮನ್ ಭಾಷೆಯಲ್ಲಿ ಅದರ ಹೆಸರಿಗೆ ‘ಪುರುಷನಿಷ್ಠೆ’ ಎಂಬರ್ಥವಿರುವುದರಿಂದ ಇದನ್ನು ವಿವಾಹನಿಶ್ಚಯದ ಚಿತ್ರವೆಂದು ಕೆಲವರು ಓದಿದ್ದಾರೆ. ಕ್ರಿಸ್ತನ ಮುಳ್ಳಿನ ಕಿರೀಟದ ಸೂಚನೆಯೆಂದು ಮತ್ತೆ ಕೆಲವರು. ಮೊದಲ ಓದು ಸಾಧ್ಯವಾಗುವುದೇ ಗಿಡವನ್ನು ಸರಿಯಾಗಿ ಗುರುತಿಸಿದಾಗ.

ಮುದ್ರಿತ ಸಸ್ಯಗ್ರಂಥಗಳಲ್ಲಿ ಎರಡು ದಾರಿಗಳು ಕಾಣುತ್ತವೆ. ೧೫೩೦ರಲ್ಲಿ ಆರಂಭವಾದ ಬ್ರುನ್‌ಫೆಲ್ಸ್‌ನ ಗ್ರಂಥಕ್ಕೆ ಚಿತ್ರ ಬರೆದ ಹಾನ್ಸ್ ವೈಡಿಟ್ಸ್, ಎದುರಿಗಿದ್ದ ಗಿಡದ ಬಾಡಿದ ಎಲೆಯನ್ನೂ ಬಿಡದೆ ಬಿಡಿಸಿದ. ೧೫೪೨ರ ಫುಕ್ಸ್‌ನ ಗ್ರಂಥದ ಕಲಾವಿದರು ಗಿಡದ ಬೇರೆ ಬೇರೆ ಅವಸ್ಥೆಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಿ ಆದರ್ಶರೂಪವನ್ನು ಕೊಟ್ಟರು. ಗುರುತಿಸುವಿಕೆಗೆ ಎರಡನೆಯ ದಾರಿ ಹೆಚ್ಚು ಉಪಯುಕ್ತವಾಯಿತೆಂಬುದು ನಿಜ. ಆದರೆ ಕಾರ್ಲಿನದ ವಿಷಯದಲ್ಲಿ ಆ ದಾರಿಯ ಮಿತಿ ಬಯಲಾಗುತ್ತದೆ. ಗುರುತಿಗೆ ಬೇಕಾದದ್ದು ಪೂರ್ತಿ ತೆರೆದ ಹೂ. ಜನರ ನಂಬಿಕೆಗೆ ಆಧಾರವಾದದ್ದು ಅದು ಮುಚ್ಚಿ ತೆರೆಯುವ ಚಲನೆ. ಆದರ್ಶರೂಪದ ಚಿತ್ರ ಈ ಚಲನೆಯನ್ನು ಹೇಳಲಾರದು. ಚಿತ್ರವನ್ನೇ ನೋಡಿ ಆಚರಣೆಯನ್ನು ಅರ್ಥೈಸುವವನಿಗೆ ದುಂಡುತನ ಮಾತ್ರ ಕಾಣುವುದು ಸಹಜ. ಸೂರ್ಯಸಂಕೇತದ ವಾದಕ್ಕೆ ಬಲ ಬಂದುದು ಭಾಗಶಃ ಇದರಿಂದಲೇ ಇರಬೇಕು.

೬

ಇಷ್ಟರಿಂದ ಕನ್ನಡ ಸಂಶೋಧನೆಗೆ ಒದಗುವ ಪಾಠವೇನು? ‘ಬ್ರಹ್ಮದಂಡಿ’ ಎಂಬ ಹೆಸರನ್ನೇ ನೋಡಬಹುದು. ವೈದ್ಯಪರಂಪರೆಯಲ್ಲಿ ಇದು ಟ್ರೈಕೊಲೆಪಿಸ್ ಗ್ಲಾಬೆರಿಮ, ಎಕಿನಾಪ್ಸ್ ಎಕಿನೇಟಸ್, ಅರ್ಜೆಮೋನ್ ಮೆಕ್ಸಿಕಾನ ಎಂಬ ಮೂರು ಮುಳ್ಳುಗಿಡಗಳಿಗೂ ಸಲ್ಲುತ್ತದೆ. ಮೊದಲೆರಡು ಕಾರ್ಲಿನದ ಕುಟುಂಬದವೇ. ಮೂರನೆಯದು ಅಮೆರಿಕ ಖಂಡದ ಗಿಡ. ೧೪೯೨ಕ್ಕೆ ಮೊದಲು ಇಲ್ಲಿ ಇದ್ದಿರುವುದು ಸಾಧ್ಯವಿಲ್ಲ. ೧೯೯೮ರಲ್ಲಿ ದೆಹಲಿಯಲ್ಲಿ ಹಲವರ ಸಾವಿಗೆ ಕಾರಣವಾದದ್ದು ಸಾಸಿವೆ ಎಣ್ಣೆಯಲ್ಲಿ ಬೆರೆತಿದ್ದ ಇದರ ಬೀಜದ ಎಣ್ಣೆಯೇ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂಥ ವಿಷವೈದ್ಯಗ್ರಂಥವನ್ನು ಸಂಪಾದಿಸುವವರು ಇಂದಿನ ನಿಘಂಟಿನ ಅರ್ಥವನ್ನು ಹಿಂದಕ್ಕೆ ಹೇರಿದರೆ ಆಗುವ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸದಲ್ಲಿ ಹೊರನಾಡಿನ ಸಂಶೋಧಕರಿಗೆ ಅನುಕೂಲವೇ ಹೆಚ್ಚು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಸಸ್ಯಸಂಗ್ರಹ, ಪುಣೆಯಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಲಯದ ಸಂಗ್ರಹ ಇವು ಅವರ ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಹಸ್ತಪ್ರತಿಯ ಪಾಠಾಂತರಕ್ಕೆ ಕೊಡುವ ಗಮನದಲ್ಲಿ ಅರ್ಧದಷ್ಟನ್ನು ಒಣಗಿಸಿಟ್ಟ ಗಿಡದ ಹಾಳೆಗೆ ಕೊಟ್ಟರೂ ನಮ್ಮ ಅರ್ಥಕೋಶಗಳ ಸ್ವರೂಪ ಬದಲಾದೀತು.

ಕೊನೆಯದಾಗಿ ಒಂದು ಮಾತು. ಒಮ್ಮೆ ಹೂಬಿಟ್ಟು ಸಾಯುವ ಅಕಾಂತಿಫೋಲಿಯವನ್ನು ಬಾಗಿಲಿಗಾಗಿ ಬೀಜ ಉದುರುವ ಮೊದಲೇ ಕಿತ್ತರೆ ಆ ಗಿಡದ ಸಂತತಿ ಅಲ್ಲಿಗೇ ಮುಗಿಯುತ್ತದೆ. ಫ್ರಾನ್ಸಿನ ಹಲವು ಭಾಗಗಳಲ್ಲಿ ಇದನ್ನು ಕೀಳುವುದಕ್ಕೆ ನಿರ್ಬಂಧವಿದೆ. ಜರ್ಮನಿಯಲ್ಲಿ ಕಾರ್ಲಿನ ಅಕಾಲಿಸ್ ಕಾನೂನಿನ ರಕ್ಷಣೆ ಪಡೆದಿದೆ. ಬಾಸ್ಕ್ ನಾಡಿನ ಬಾಗಿಲುಗಳಲ್ಲಿ ಈಗ ಲೋಹದ, ಮರದ, ಮಣ್ಣಿನ ಸೂರ್ಯಹೂಗಳು ಕಾಣಿಸಿಕೊಳ್ಳುತ್ತಿವೆ. ಗಿಡ ಉಳಿಯಲು ಇದು ಅಗತ್ಯವೇ ಸರಿ. ಆದರೆ ಲೋಹದ ಹೂ ಮಳೆಗೆ ಮುಚ್ಚುವುದಿಲ್ಲ. ಈ ಮೊದಲು ವ್ಯಾಖ್ಯಾನಕಾರರ ಬರಹದಲ್ಲಿ ಮಾತ್ರ ಸಂಕೇತವಾಗಿದ್ದ ಹೂ ಈಗ ಬಾಗಿಲ ಮೇಲೂ ಬರಿಯ ಸಂಕೇತವಾಗುತ್ತಿದೆ. ಮೂಲ ಗಿಡ ಹೇಗಿತ್ತು, ಏನು ಮಾಡುತ್ತಿತ್ತು ಎಂಬುದನ್ನು ಬರೆದಿಡುವ ಹೊಣೆ ಇದರಿಂದ ವಿದ್ವಾಂಸರ ಮೇಲೆ ಇನ್ನಷ್ಟು ಹೆಚ್ಚುತ್ತದೆ.