ಕೋಗಿಲೆಯ ಮೊಟ್ಟೆ ಮತ್ತು ಬೀರುವಿನ ಬೀಗದ ಕೈ

ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಬಾಗಿಲಿಗೆ ಬಂದ ವಿದ್ಯಾರ್ಥಿ ಯಾರು, ಯಾವ ತರಗತಿಯವನು ಎಂದು ನೋಡಿ ಒಳಗೆ ಬಿಡುವುದು ಒಂದು ಕೆಲಸ. ಪ್ರಬಲ ಆಮ್ಲಗಳಿರುವ ಬೀರುವಿನ ಬೀಗದ ಕೈ ಯಾರ ಬಳಿ, ಎಷ್ಟು ಹೊತ್ತು ಇರಬೇಕು ಎಂದು ನಿರ್ಧರಿಸುವುದು ಇನ್ನೊಂದು ಕೆಲಸ. ಹಾಜರಿ ಪುಸ್ತಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬೀರುವಿನ ಕೈ ಮೇಜಿನ ಮೇಲೆ ಬಿದ್ದಿದ್ದರೆ ಅನಾಹುತ ತಪ್ಪದು.

ಗಣಕಗಳ ಸುರಕ್ಷತೆಯಲ್ಲಿ ಮೊದಲನೆಯದಕ್ಕೆ ಐಡೆಂಟಿಟಿ ಅಂಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್, ಅಂದರೆ ಗುರುತು ಮತ್ತು ಪ್ರವೇಶದ ನಿರ್ವಹಣೆ ಎಂದು ಹೆಸರು. ಎರಡನೆಯದು ಪ್ರಿವಿಲೆಜ್ಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್, ಅಂದರೆ ವಿಶೇಷಾಧಿಕಾರದ ನಿರ್ವಹಣೆ. ಪಠ್ಯಗಳಲ್ಲಿ ಇವೆರಡನ್ನೂ ಅಕ್ಕಪಕ್ಕದ ಕಾಲಂಗಳಲ್ಲಿ ಬರೆದು ಹೋಲಿಸುವುದು ರೂಢಿ: ಮೊದಲನೆಯದು ಎಲ್ಲ ಬಳಕೆದಾರರಿಗೆ, ಎರಡನೆಯದು ಕೆಲವೇ ನಿರ್ವಾಹಕರಿಗೆ. ಹಾಗಾಗಿ ಎರಡನೆಯದು ಮೊದಲನೆಯದರ ಒಂದು ಉಪಗಣ ಎಂದು ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ. ಈ ಹೇಳಿಕೆ ತಪ್ಪಲ್ಲ, ಆದರೆ ಅಪೂರ್ಣ. ಏಕೆಂಬುದನ್ನು ಒಂದು ಹಳೆಯ ಪುಸ್ತಕದ ಮೂಲಕ ಪರಿಶೀಲಿಸೋಣ.

ಎಪ್ಪತ್ತೈದು ಸೆಂಟ್‌ಗಳ ಲೆಕ್ಕ

ಆ ಪುಸ್ತಕ 1989ರಲ್ಲಿ ಪ್ರಕಟವಾದ 'ದ ಕುಕ್ಕೂಸ್ ಎಗ್'. ಲೇಖಕ ಕ್ಲಿಫರ್ಡ್ ಸ್ಟೋಲ್ ಗಣಕ ತಜ್ಞರಲ್ಲ, ಖಗೋಳಶಾಸ್ತ್ರಜ್ಞ. 1986ರಲ್ಲಿ ಅವರು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗಣಕ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಗಣಕದ ಬಳಕೆಗೆ ಶುಲ್ಕವಿತ್ತು. ತಿಂಗಳ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಸ್ಟೋಲ್ ಬೆನ್ನು ಹತ್ತಿದರು. ಶುಲ್ಕದ ಪಟ್ಟಿಯಲ್ಲಿ ವಿಳಾಸವೇ ಇಲ್ಲದ ಒಂದು ಹೊಸ ಖಾತೆ ಗಣಕದಲ್ಲಿ ಹುಟ್ಟಿಕೊಂಡಿತ್ತು. ಸುಮಾರು ಒಂದು ವರ್ಷದ ಬೆನ್ನಟ್ಟುವಿಕೆ ಕೊನೆಗೆ ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕಸ್ ಹೆಸ್‌ನ ಬಾಗಿಲಿಗೆ ತಲುಪಿತು. ಅವನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚರ ಸಂಸ್ಥೆ ಕೆ.ಜಿ.ಬಿ.ಗೆ ಮಾರುತ್ತಿದ್ದರು. ಹೆಸ್ ಸುಮಾರು 450 ಗಣಕಗಳ ಬಾಗಿಲು ತಟ್ಟಿದ್ದ, 30ಕ್ಕೂ ಹೆಚ್ಚಿನವುಗಳ ಒಳಹೊಕ್ಕಿದ್ದ.

ಭೌತವಿಜ್ಞಾನ ಕಲಿಸುವವರು ಈ ಪುಸ್ತಕವನ್ನು ಓದಲೇಬೇಕು. ನೊಬೆಲ್ ಪುರಸ್ಕೃತ ಲೂಯಿಸ್ ಆಲ್ವರೆಜ್ ಅವರು ಸ್ಟೋಲ್‌ಗೆ ಕೊಟ್ಟ ಸಲಹೆಯ ಸಾರ ಇಷ್ಟೆ: ಇದನ್ನು ಪೊಲೀಸ್ ಕೆಲಸವೆಂದು ನೋಡಬೇಡ, ಸಂಶೋಧನೆಯೆಂದು ನೋಡು. ಸ್ಟೋಲ್ ಹಾಗೆಯೇ ಮಾಡಿದರು. ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟರು. ಕಳ್ಳನ ಕಡೆಯಿಂದ ಉತ್ತರ ಬರಲು ಸುಮಾರು 3 ಸೆಕೆಂಡು ಹಿಡಿಯುತ್ತಿತ್ತು. ಬೆಳಕಿನ ವೇಗದಿಂದ ಲೆಕ್ಕ ಹಾಕಿದರೆ ಅವನು ಚಂದ್ರನಿಂದಲೂ ಆಚೆ ಇರಬೇಕು! ವಿಳಂಬದ ಬಹುಪಾಲು ಜಾಲದ ಉಪಕರಣಗಳದ್ದೆಂದು ಅರಿತು, ದೂರ ಗೊತ್ತಿರುವ ಗಣಕಗಳೊಂದಿಗೆ ಹೋಲಿಸಿ, ಅವರು ಸುಮಾರು 6000 ಮೈಲಿ ಎಂದು ಅಂದಾಜಿಸಿದರು. ದೋಷ ವಿಶ್ಲೇಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪುಸ್ತಕದ ಒತ್ತು ಎಲ್ಲಿದೆ?

ಹೆಸ್ ಒಳಗೆ ಬಂದದ್ದು ಹೇಗೆ? ಊರು ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದ ಒಬ್ಬ ಬಳಕೆದಾರರ ಖಾತೆ ಹಾಗೆಯೇ ಉಳಿದಿತ್ತು. ಅವನು ಅದನ್ನು ಬಳಸಿಕೊಂಡ. ಬೇರೆಡೆಗಳಲ್ಲಿ ತಯಾರಕರೇ ಇಟ್ಟು ಕಳಿಸಿದ, ಯಾರೂ ಬದಲಾಯಿಸದ ಪಾಸ್‌ವರ್ಡ್‌ಗಳಿದ್ದವು. ಇವು ಬಹುಮಟ್ಟಿಗೆ ಗುರುತಿನ ನಿರ್ವಹಣೆಯ ಲೋಪಗಳು. ಪುಸ್ತಕ ಮುಗಿಸಿದ ಓದುಗ ಈ ಪಾಠವನ್ನೇ ಹಿಡಿದುಕೊಳ್ಳುತ್ತಾನೆ: ಒಳ್ಳೆಯ ಪಾಸ್‌ವರ್ಡ್ ಇಡಬೇಕು, ಹಳೆಯ ಖಾತೆ ಮುಚ್ಚಬೇಕು, ಎಚ್ಚರವಾಗಿರಬೇಕು.

ಆದರೆ ಆ ಖಾತೆ ಒಬ್ಬ ಸಾಮಾನ್ಯ ಬಳಕೆದಾರನದು. ಅಷ್ಟರಿಂದಲೇ ಇಡೀ ಗಣಕ ಕೈವಶವಾಗದು. ಕೈವಶ ಮಾಡಿದ್ದು ಮೂವ್‌ಮೇಲ್ ಎಂಬ ಪುಟ್ಟ ತಂತ್ರಾಂಶ. ಇಮ್ಯಾಕ್ಸ್ ಎಂಬ ಸಂಪಾದಕದ ಜೊತೆ ಬಂದಿದ್ದ ಅದರ ಕೆಲಸ ಒಬ್ಬರ ಅಂಚೆ ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಅಷ್ಟು ಸಣ್ಣ ಕೆಲಸಕ್ಕೆ ಆ ಗಣಕದಲ್ಲಿ ಅದಕ್ಕೆ ಸರ್ವಾಧಿಕಾರ ಕೊಟ್ಟಿದ್ದರು. ಯುನಿಕ್ಸ್ ಭಾಷೆಯಲ್ಲಿ ಹೇಳುವುದಾದರೆ 'ರೂಟ್' ಅಧಿಕಾರ. ಹೆಸ್ ಅದನ್ನು ಬಳಸಿ ತನ್ನದೊಂದು ಕಡತವನ್ನು ವ್ಯವಸ್ಥೆಯ ಜಾಗದಲ್ಲಿ ಇಟ್ಟ. ಗಣಕ 5 ನಿಮಿಷಕ್ಕೊಮ್ಮೆ ತಾನಾಗಿ ನಡೆಸುತ್ತಿದ್ದ ಒಂದು ಕ್ರಮವಿಧಿಯ ಜಾಗ ಅದು. ಕಾಗೆ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಟ್ಟಂತೆ! ಗಣಕ ಆ ಮೊಟ್ಟೆಗೆ ತಾನೇ ಕಾವು ಕೊಟ್ಟಿತು. ಹೆಸ್ ರೂಟ್ ಆದ.

ಈಗ ಆ 75 ಸೆಂಟ್‌ಗಳನ್ನು ಮತ್ತೆ ನೋಡಿ. ವಿಳಾಸವಿಲ್ಲದ ಖಾತೆ ಹೇಗೆ ಹುಟ್ಟಿತು? ರೂಟ್ ಅಧಿಕಾರ ಇದ್ದವರು ಹೊಸ ಗುರುತುಗಳನ್ನೇ ಸೃಷ್ಟಿಸಬಲ್ಲರು. ಯಾರ ಹಾಜರಿಯನ್ನಾದರೂ ತಿದ್ದಬಲ್ಲರು, ತಾನು ಬಂದ ಗುರುತನ್ನು ಅಳಿಸಬಲ್ಲರು. ಅಂದರೆ ಗುರುತಿನ ನಿರ್ವಹಣೆಯ ಇಡೀ ಕಟ್ಟಡ ವಿಶೇಷಾಧಿಕಾರದ ನಿರ್ವಹಣೆಯ ಮೇಲೆ ನಿಂತಿದೆ. ಉಪಗಣ ಎಂದು ನಾವು ಬರೆದುಕೊಂಡದ್ದು ವಾಸ್ತವದಲ್ಲಿ ಅಡಿಪಾಯ. ಅಕ್ಕಪಕ್ಕದ ಎರಡು ಕಾಲಂಗಳು ಮರೆಮಾಚುವುದು ಇದನ್ನೇ.

ಸ್ಟೋಲ್ ಮೂವ್‌ಮೇಲ್‌ನ ಕಥೆಯನ್ನು ಸೊಗಸಾಗಿ ವಿವರಿಸುತ್ತಾರೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಬೇಟೆ ಅವರನ್ನು ಮುಂದಕ್ಕೆ ಎಳೆಯುತ್ತದೆ. ಪುಸ್ತಕದ ಕೊನೆಯ ವಿಷಾದವೂ ಕದಡಿದ ನಂಬಿಕೆಯ ಬಗ್ಗೆ: ಸಂಶೋಧಕರು ಪರಸ್ಪರ ನಂಬಿ ಕಟ್ಟಿದ ಜಾಲವನ್ನು ಒಬ್ಬ ಕಳ್ಳ ಕೆಡಿಸಿದ ಎಂಬ ನೋವು. ನೋವು ನಿಜ. ಆದರೆ ಒಂದು ಅಂಚೆ ತಂತ್ರಾಂಶಕ್ಕೆ ಸರ್ವಾಧಿಕಾರ ಕೊಟ್ಟದ್ದು ನಂಬಿಕೆಯ ಪ್ರಶ್ನೆಯಲ್ಲ, ವಿನ್ಯಾಸದ ಪ್ರಶ್ನೆ. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತಿಯೊಂದು ತಂತ್ರಾಂಶಕ್ಕೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕೆಂಬ ಕನಿಷ್ಠಾಧಿಕಾರ ತತ್ತ್ವವನ್ನು ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬರೆದಿದ್ದರು. ಈ ಘಟನೆಗಿಂತ 11 ವರ್ಷ ಮೊದಲು!

ಇನ್ನೊಂದು ಕೊರತೆಯೂ ಉಂಟು. ಸ್ಟೋಲ್ ಮೇಜಿನ ಕೆಳಗೆ ಮಲಗಿ ಕಾವಲು ಕಾದರು. ಒಬ್ಬರ ಹಠ ಕಥೆಗೆ ಚೆನ್ನ, ಆದರೆ ಅದು ವ್ಯವಸ್ಥೆಯಾಗದು. ಆದರೂ ಅವರು ಮಾಡಿದ ಒಂದು ಕೆಲಸಕ್ಕೆ ತಲೆಬಾಗಬೇಕು. ದೂರವಾಣಿ ಮೂಲಕ ಬರುವ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿ, ಕಳ್ಳ ಒತ್ತಿದ ಪ್ರತಿ ಅಕ್ಷರವೂ ಕಾಗದಕ್ಕೆ ಇಳಿಯುವಂತೆ ಮಾಡಿದರು. ಗಣಕದೊಳಗಿನ ದಾಖಲೆಯನ್ನು ರೂಟ್ ಅಳಿಸಬಹುದು, ಕಾಗದವನ್ನು ಅಳಿಸಲಾಗದು. ಇಂದಿನ ವಿಶೇಷಾಧಿಕಾರ ನಿರ್ವಹಣಾ ತಂತ್ರಾಂಶಗಳು ನಿರ್ವಾಹಕರ ಕೆಲಸವನ್ನು ಅವರ ಕೈಗೆಟುಕದ ಜಾಗದಲ್ಲಿ ದಾಖಲಿಸುವುದೂ ಇದೇ ಉಪಾಯ. ಅವು ಪಾಸ್‌ವರ್ಡ್‌ಗಳನ್ನು ತಿಜೋರಿಯಲ್ಲಿಟ್ಟು ಬಳಕೆಯ ನಂತರ ಬದಲಾಯಿಸುತ್ತವೆ, ಅಧಿಕಾರವನ್ನು ಗಂಟೆಗಳ ಲೆಕ್ಕದಲ್ಲಿ ಮಾತ್ರ ಕೊಡುತ್ತವೆ. ಆದರೆ ತಿಜೋರಿಯೇ ಎಲ್ಲಕ್ಕಿಂತ ದೊಡ್ಡ ಬೀಗದ ಕೈ ಆಗಿಬಿಡುತ್ತದೆ ಎಂಬುದನ್ನೂ ಮರೆಯಬಾರದು.

ಹಳೆಯ ಕಥೆಯೇ?

ಇದೆಲ್ಲ ನಲವತ್ತು ವರ್ಷ ಹಿಂದಿನ ಮಾತು ಎನ್ನಬೇಡಿ. 2020ರ ಜುಲೈ 15ರಂದು ಆಗಿನ ಟ್ವಿಟರ್ ಸಂಸ್ಥೆಯ ನೌಕರರನ್ನು ದೂರವಾಣಿಯಲ್ಲಿ ವಂಚಿಸಿದವರು ಸಂಸ್ಥೆಯ ಒಳಗಿನ ನಿರ್ವಹಣಾ ಸಾಧನಗಳನ್ನು ತಲುಪಿದರು. 130 ಖಾತೆಗಳ ಮೇಲೆ ಕೈಯಿಟ್ಟರು, 45 ಖಾತೆಗಳಿಂದ ಸಂದೇಶ ಕಳಿಸಿದರು. ಬರಾಕ್ ಒಬಾಮಾ, ಬಿಲ್ ಗೇಟ್ಸ್ ಅವರ ಖಾತೆಗಳೂ ಅದರಲ್ಲಿದ್ದವು. ಅವರು ಎಷ್ಟು ಬಲವಾದ ಪಾಸ್‌ವರ್ಡ್ ಇಟ್ಟಿದ್ದರೂ ಉಪಯೋಗವಾಗುತ್ತಿರಲಿಲ್ಲ. ಬೀರುವಿನ ಕೈ ಬೇರೆಡೆ ಇತ್ತು.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಒಂದು ವಿಭಾಗದಲ್ಲಿ ಗಣಕದ ರೂಟ್ ಪಾಸ್‌ವರ್ಡ್ ಬೀರುವಿನ ಬಾಗಿಲ ಒಳಬದಿಗೆ ಚೀಟಿಯಾಗಿ ಅಂಟಿಕೊಂಡಿತ್ತು. ಐದು ಜನ ಅದನ್ನೇ ಬಳಸುತ್ತಿದ್ದೆವು. ಒಂದು ಬೆಳಗ್ಗೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಆರು ವಾರಗಳ ಮಾಪನಗಳು ಮಾಯವಾಗಿದ್ದವು. ದಾಖಲೆ ತೆಗೆದು ನೋಡಿದರೆ ಅಳಿಸಿದವರ ಹೆಸರು 'ರೂಟ್' ಎಂದಷ್ಟೇ ಇತ್ತು. ಐವರೂ ಮುಖ ಮುಖ ನೋಡಿಕೊಂಡೆವು. ಹಿಂದಿನ ಸಂಜೆ ಡಿಸ್ಕ್‌ನಲ್ಲಿ ಜಾಗ ಮಾಡಲು ಕಡತಗಳನ್ನು ತೆಗೆದದ್ದು ನನಗೆ ನೆನಪಿತ್ತು. ಯಾವ ಕಡತಗಳು ಎಂಬುದು ನೆನಪಿರಲಿಲ್ಲ. ಆಕೆ ಮಾಪನಗಳನ್ನು ಮೊದಲಿನಿಂದ ಮಾಡಬೇಕಾಯಿತು. ಅಲ್ಲಿ ಕಳ್ಳನಿರಲಿಲ್ಲ, ಎಲ್ಲರ ಗುರುತೂ ಸರಿಯಾಗಿತ್ತು. ಹಂಚಿಕೊಂಡ ಸರ್ವಾಧಿಕಾರ ಯಾರನ್ನೂ ಹೊಣೆಗಾರನನ್ನಾಗಿಸಲಿಲ್ಲ, ಅಷ್ಟೆ.

ಆದ್ದರಿಂದ ಅಧ್ಯಾಪಕ ಮಿತ್ರರೇ, ಈ ವಿಷಯವನ್ನು ತರಗತಿಯಲ್ಲಿ ಹೇಳುವಾಗ ಎರಡು ಕಾಲಂಗಳ ಪಟ್ಟಿಯಿಂದ ಆರಂಭಿಸಬೇಡಿ. ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆ ಇಡಿ: ನಿಮ್ಮ ಅಂಕಗಳಿರುವ ಗಣಕದಲ್ಲಿ ಅಂಕವನ್ನೂ ಅದನ್ನು ತಿದ್ದಿದವರ ದಾಖಲೆಯನ್ನೂ ಒಬ್ಬರೇ ಬದಲಾಯಿಸಬಲ್ಲರೇ? ಉತ್ತರ ಹೌದು ಎಂದಾದರೆ, ಅಲ್ಲಿ ಪ್ರತಿಯೊಬ್ಬರಿಗೂ ಎಷ್ಟು ಗಟ್ಟಿ ಪಾಸ್‌ವರ್ಡ್ ಇದೆ ಎಂಬುದು ನಂತರದ ಮಾತು. ಸ್ಟೋಲ್ ಅವರ ಪುಸ್ತಕವನ್ನು ಆಮೇಲೆ ಓದಲು ಕೊಡಿ. ಕಳ್ಳನ ಜಾಡನ್ನು ಹಿಡಿದು ಓದುವುದರ ಜೊತೆಗೆ ಮೂವ್‌ಮೇಲ್ ಬರುವ ಪುಟಗಳನ್ನು ಎರಡು ಬಾರಿ ಓದುವಂತೆ ಹೇಳಿ.